ವಲಸೆ ಸುಧಾರಣೆ ಮತ್ತು ನಿಯಂತ್ರಣ ಕಾಯಿದೆ, 1986

ಅಮೆರಿಕ ಸಂಯುಕ್ತ ಸಂಸ್ಥಾನದ ಕಾನೂನು. ಅಧ್ಯಕ್ಷ ರೊನಾಲ್ಡ್ ರೇಗನ್ 1986ರ ನವೆಂಬರ್ 6ರಂದು ಸಹಿ ಹಾಕಿದರು. ಸೆನೆಟರ್ ಅಲನ್ ಸಿಂಪ್ಸನ್ ಹಾಗೂ ಪ್ರತಿನಿಧಿ ಸಭೆಯ ರೊಮಾನೊ ಮಜೋಲಿ ಇದರ ರೂವಾರಿಗಳು.

1952ರ ವಲಸೆ ಕಾನೂನು ಅಕ್ರಮವಾಗಿ ಬಂದವರಿಗೆ ಆಶ್ರಯ ಕೊಡುವುದು ಅಪರಾಧವೆಂದಿತ್ತು. ಆದರೆ ಅವರನ್ನು ಕೆಲಸಕ್ಕೆ ಇಟ್ಟುಕೊಂಡರೆ ಅದು ಆಶ್ರಯವಲ್ಲ ಎಂಬ ವಿನಾಯಿತಿಯೂ ಅದರಲ್ಲೇ ಇತ್ತು. ಹಾಗಾಗಿ ಸಿಕ್ಕಿಬಿದ್ದಾಗ ಗಡಿಪಾರಾಗುತ್ತಿದ್ದವನು ಕೂಲಿಯವನು, ಅವನ ದುಡಿಮೆಯ ಲಾಭ ಪಡೆದ ಮಾಲೀಕನಿಗೆ ದಂಡವಿರಲಿಲ್ಲ. ಈ ಅನ್ಯಾಯವನ್ನು ಸರಿಪಡಿಸುವುದಾಗಿ 1986ರ ಕಾಯಿದೆ ಹೇಳಿತು.

1982ರ ಜನವರಿ 1ಕ್ಕೆ ಮೊದಲಿನಿಂದ ದೇಶದಲ್ಲಿ ನೆಲೆಸಿದ್ದವರಿಗೂ, 1986ರ ಮೇ 1ಕ್ಕೆ ಮುಗಿದ ವರ್ಷದಲ್ಲಿ ಕನಿಷ್ಠ 90 ದಿನ ಹೊಲಗಳಲ್ಲಿ ದುಡಿದಿದ್ದವರಿಗೂ ಕಾಯಿದೆ ಸಕ್ರಮದ ದಾರಿ ತೆರೆಯಿತು. ಸುಮಾರು 27 ಲಕ್ಷ ಜನ ಇದರ ಫಲ ಪಡೆದರು. ತೊಡಕಿದ್ದದ್ದು ಪುರಾವೆಯಲ್ಲಿ. ನಗದು ಕೂಲಿ ಪಡೆದು, ಬೆಳೆಯ ಹಿಂದೆ ಊರಿಂದೂರಿಗೆ ಹೋಗುತ್ತಿದ್ದವರ ಬಳಿ ರಸೀದಿ ಎಲ್ಲಿಂದ ಬರಬೇಕು? ಅನೇಕರಿಗೆ ಮೇಸ್ತ್ರಿ ಬರೆದುಕೊಟ್ಟ ಚೀಟಿಯೇ ಗತಿಯಾಯಿತು. ಸುಳ್ಳು ಚೀಟಿಗಳೂ ಮಾರಾಟವಾದವು.

ಗೊತ್ತಿದ್ದೂ ದಾಖಲೆ ಇಲ್ಲದವರನ್ನು ನೇಮಿಸಿಕೊಂಡ ಮಾಲೀಕರಿಗೆ ದಂಡ ಬಂತು. ಆದರೆ ಕಾಗದ ಮೇಲ್ನೋಟಕ್ಕೆ ಅಸಲಿಯಂತಿದ್ದರೆ ಮಾಲೀಕನ ಹೊಣೆ ಮುಗಿಯುತ್ತಿತ್ತು. ಖೋಟಾ ಕಾಗದದ ದಂಧೆ ಬೆಳೆಯಿತು. ಮುಖ, ಮಾತು ಪರಕೀಯವೆನಿಸಿದವರನ್ನು ಕೆಲಸಕ್ಕೆ ಸೇರಿಸಲು ಹಿಂಜರಿಯುವ ಚಾಳಿ ವ್ಯಾಪಕವಾಗಿದೆಯೆಂದು ಕಾಂಗ್ರೆಸ್ಸಿನ ಲೆಕ್ಕಪರಿಶೋಧನಾ ಸಂಸ್ಥೆಯೇ 1990ರಲ್ಲಿ ವರದಿ ಮಾಡಿತು.

ಸಕ್ರಮವೆಂದರೆ ಕಾನೂನು ಮುರಿದವರಿಗೆ ಬಹುಮಾನ, ಸ್ಥಳೀಯರ ಕೂಲಿಗೂ ಪೆಟ್ಟು ಎಂಬುದು ವಿರೋಧಿಗಳ ವಾದ. ಕಾರ್ಮಿಕ ಸಂಘಗಳ ಮಹಾಒಕ್ಕೂಟ ಎಎಫ್‌ಎಲ್-ಸಿಐಒ ಮೊದಲು ಮಾಲೀಕರ ದಂಡವನ್ನು ಬೆಂಬಲಿಸಿತ್ತು. ಆದರೆ ಸಂಘ ಕಟ್ಟಲು ಹೊರಟವರನ್ನು ಬೆದರಿಸಲು ಅದೇ ನಿಯಮ ಬಳಕೆಯಾಗುತ್ತಿದೆ ಎಂದು ಮನಗಂಡು, 2000ದಲ್ಲಿ ಅದರ ರದ್ದತಿಗೆ ಒತ್ತಾಯಿಸಿತು. ಆ ಆತಂಕ ನಿಜವಾಗಿತ್ತು. ಸಂಘದ ಪರ ನಿಂತು ಕೆಲಸ ಕಳೆದುಕೊಂಡ, ದಾಖಲೆಯಿಲ್ಲದ ಕಾರ್ಮಿಕನಿಗೆ ಬಾಕಿ ವೇತನ ಸಲ್ಲದೆಂದು 2002ರ ಹಾಫ್‌ಮನ್ ಪ್ಲಾಸ್ಟಿಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಎಚ್-1ಬಿ ಎಂಬ ತಾತ್ಕಾಲಿಕ ಉದ್ಯೋಗ ವೀಸಾದಲ್ಲಿರುವ ಕನ್ನಡಿಗ ಎಂಜಿನಿಯರುಗಳ ಸ್ಥಿತಿ ಈ ದಾಖಲೆಯಿಲ್ಲದ ಕಾರ್ಮಿಕರದಕ್ಕಿಂತ ಬೇರೆ. ಸಂಬಳ ದೊಡ್ಡದು, ಕಾಗದವೂ ಸರಿಯಿದೆ. ಆದರೂ ಕೆಲಸ ಹೋದರೆ ಹೊಸ ದಾರಿ ಹುಡುಕಲು ಅವರಿಗಿರುವುದು ಗರಿಷ್ಠ 60 ದಿನ. ಅನ್ಯಾಯವನ್ನು ನುಂಗಿಕೊಂಡು ಇರುವಂತೆ ಮಾಡುವುದು ಈ ಭಯವೇ.

2013ರಲ್ಲಿ ಸೆನೆಟ್ 68-32 ಮತಗಳಿಂದ ಸಮಗ್ರ ವಲಸೆ ಸುಧಾರಣಾ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಪ್ರತಿನಿಧಿ ಸಭೆ ಅದನ್ನು ಮತಕ್ಕೇ ಹಾಕಲಿಲ್ಲ. 1986ರಷ್ಟು ವ್ಯಾಪಕವಾದ ಸಕ್ರಮ ಮತ್ತೆ ನಡೆದಿಲ್ಲ.