ಬಾಂಬಿಗೆ ಮೊದಲು ಬಂದ ನೋಟೀಸುಗಳು

ಇಟಲಿಯ ಬೂಟಿನ ತುದಿಗೆ ಸಿಸಿಲಿ, ಅದರ ಕೆಳಗೆ ಸಮುದ್ರದ ನಡುವೆ ಸಾಸಿವೆ ಕಾಳಿನಂಥ ಒಂದು ಚುಕ್ಕೆ. ಅದೇ ಮಾಲ್ಟಾ. ವಿಸ್ತೀರ್ಣ 316 ಚದರ ಕಿಲೋಮೀಟರು. ನಮ್ಮ ಎಷ್ಟೋ ತಾಲ್ಲೂಕುಗಳು ಅದಕ್ಕಿಂತ ದೊಡ್ಡವು. ಶಾಲೆಯ ಭೂಪಟದಲ್ಲಿ ಅದರ ಹೆಸರನ್ನು ನೆಲದ ಮೇಲೆ ಬರೆಯಲು ಜಾಗವಿಲ್ಲದೆ ನೀರಿನ ಮೇಲೆ ಬರೆದಿರುತ್ತಾರೆ. ಇತಿಹಾಸ ಪಾಠ ಮಾಡುವ ನಮಗೆ ಮಾಲ್ಟಾ ಎಂದರೆ ಎರಡನೆಯ ಮಹಾಯುದ್ಧದ ಪಾಠದಲ್ಲಿ ಬಂದುಹೋಗುವ ಒಂದು ಹೆಸರು, ಅಷ್ಟೆ. ಆದರೆ ಆ ದ್ವೀಪದ ಒಬ್ಬ ಹೆಣ್ಣುಮಗಳ ಹೆಸರಿನಿಂದ ಇವತ್ತು ಯೂರೋಪಿಯನ್ ಒಕ್ಕೂಟದ ಒಂದು ಕಾನೂನನ್ನು ಜನ ಗುರುತಿಸುತ್ತಾರೆ. ಡ್ಯಾಫ್ನಿ ಕರುವಾನಾ ಗಲಿಟ್ಸಿಯಾ ಅವರ ಹೆಸರು.

ಡ್ಯಾಫ್ನಿ ಹುಟ್ಟಿದ್ದು 1964ರಲ್ಲಿ. ಮದುವೆಯಾಗಿ ಮೂರು ಗಂಡುಮಕ್ಕಳ ತಾಯಿಯಾದ ಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿ, 1997ರಲ್ಲಿ ಪುರಾತತ್ವಶಾಸ್ತ್ರದಲ್ಲಿ ಪದವಿ ಪಡೆದರು. ಮಕ್ಕಳನ್ನು ಮಲಗಿಸಿ ಪರೀಕ್ಷೆಗೆ ಓದಿದ ನಮ್ಮಂಥವರಿಗೆ ಅದರ ಕಷ್ಟ ಹೇಳಬೇಕಾಗಿಲ್ಲ. ಅಡುಗೆ, ಮನೆ, ಊಟೋಪಚಾರಗಳ ಬಗ್ಗೆ ಒಂದು ಪತ್ರಿಕೆಯನ್ನೂ ಅವರು ಸಂಪಾದಿಸುತ್ತಿದ್ದರು. ಜೊತೆಗೆ ರಾಜಕೀಯ ಅಂಕಣ, ಅದೂ ತಮ್ಮ ಸ್ವಂತ ಹೆಸರಿನಲ್ಲಿ. 2008ರಿಂದ ಇಂಟರ್ನೆಟ್ಟಿನಲ್ಲೇ ತಮ್ಮದೊಂದು ಪುಟ ತೆರೆದು, ಮಂತ್ರಿಗಳ ಗುಟ್ಟಿನ ವ್ಯವಹಾರ, ಲಂಚ, ಬ್ಯಾಂಕುಗಳ ಕಳ್ಳಹಣ ಎಲ್ಲವನ್ನೂ ಬಯಲಿಗೆಳೆದರು.

ಗಂಡಸು ಹೀಗೆ ಬರೆದರೆ ಅವನನ್ನು ನಿರ್ಭೀತ ಎನ್ನುತ್ತಾರೆ. ಡ್ಯಾಫ್ನಿಗೆ ಸಿಕ್ಕ ಬಿರುದು 'ಬಿಡ್ನಿಯಾದ ಮಾಟಗಾತಿ'. ಬಿಡ್ನಿಯಾ ಅವರ ಹಳ್ಳಿ. 2006ರಲ್ಲಿ ಮನೆಯವರೆಲ್ಲ ಮಲಗಿದ್ದಾಗ ಆ ಮನೆಗೆ ಬೆಂಕಿ ಇಟ್ಟಿದ್ದೂ ಉಂಟು.

ಬೆಂಕಿ ಕಣ್ಣಿಗೆ ಕಾಣುತ್ತದೆ, ಜನ ಓಡಿಬಂದು ಆರಿಸುತ್ತಾರೆ. ಕಾಣದ ಬೆಂಕಿಯೊಂದಿದೆ. ಅದು ನೋಟೀಸಿನ ರೂಪದಲ್ಲಿ ಟಪಾಲಿನಲ್ಲಿ ಬರುತ್ತದೆ. ಡ್ಯಾಫ್ನಿ ಸಾಯುವ ಹೊತ್ತಿಗೆ ಅವರ ಮೇಲೆ 40ಕ್ಕೂ ಹೆಚ್ಚು ಮಾನನಷ್ಟ ಮೊಕದ್ದಮೆಗಳಿದ್ದವು. ಹೂಡಿದವರಲ್ಲಿ ಮಂತ್ರಿಗಳಿದ್ದರು, ಹಣವಂತ ವ್ಯಾಪಾರಿಗಳಿದ್ದರು. 'ಕೋರ್ಟಿಗೆ ಹೋಗಿ ಗೆದ್ದವನು ಸೋತ, ಸೋತವನು ಸತ್ತ' ಎಂಬ ಗಾದೆ ನಮ್ಮಲ್ಲಿದೆ. ನನ್ನ ಸೋದರತ್ತೆ ಗದ್ದೆಯ ಬದುವಿನ ಒಂದು ವ್ಯಾಜ್ಯಕ್ಕಾಗಿ ಹದಿನಾಲ್ಕು ವರ್ಷ ಅಲೆದರು. ಕೊನೆಗೆ ಗೆದ್ದರು, ಆದರೆ ಕಿವಿಯ ಓಲೆ ಅಷ್ಟರಲ್ಲಿ ಮಾರಿಯಾಗಿತ್ತು. ಎದುರಾಳಿಗೆ ಆ ಬದು ಬೇಕಾಗಿರಲಿಲ್ಲ, ಅತ್ತೆ ಸುಸ್ತಾದರೆ ಸಾಕಾಗಿತ್ತು. ಬರೆಯುವವರ ಮೇಲೆ ಹೂಡುವ ಇಂಥ ಮೊಕದ್ದಮೆಗಳ ಗುಟ್ಟೂ ಅದೇ. ಗೆಲ್ಲುವುದು ಮುಖ್ಯವಲ್ಲ, ವಕೀಲರ ಫೀಜು, ವಾಯಿದೆ, ಓಡಾಟಗಳಲ್ಲಿ ಬರೆಯುವ ಕೈಯನ್ನು ಸೋಲಿಸಬೇಕು. ನೋಡುವವರಿಗೂ 'ನಮಗೇಕೆ ಈ ಉಸಾಬರಿ' ಎನ್ನಿಸಬೇಕು.

2017ರ ಫೆಬ್ರವರಿಯಲ್ಲಿ ಒಬ್ಬ ಸಚಿವರ ಕಡೆಯವರು ಇಂಥ ಮೊಕದ್ದಮೆಗಳ ನೆಪದಲ್ಲಿ ಡ್ಯಾಫ್ನಿಯ ಬ್ಯಾಂಕ್ ಖಾತೆಗೆ ತಡೆ ತಂದರು. 47 ಸಾವಿರ ಯೂರೋಗೂ ಹೆಚ್ಚು ಹಣ ಸಿಕ್ಕಿಕೊಂಡಿತು. ಓದುಗರು ವಂತಿಗೆ ಎತ್ತಿ ಕೆಲವೇ ದಿನಗಳಲ್ಲಿ ಅದಕ್ಕಿಂತ ಹೆಚ್ಚು ಕೂಡಿಸಿದರಂತೆ. ಆದರೂ ಖಾತೆಯ ತೊಡಕು ಬಗೆಹರಿಯಲಿಲ್ಲ. ಅಕ್ಟೋಬರ್ 16ರ ಮಧ್ಯಾಹ್ನ ಡ್ಯಾಫ್ನಿ ಆ ಕೆಲಸಕ್ಕೆಂದೇ ಬ್ಯಾಂಕಿಗೆ ಹೊರಟರು. ಚೆಕ್ ಪುಸ್ತಕ ಮರೆತು ಒಮ್ಮೆ ಮನೆಗೆ ಹಿಂತಿರುಗಿದರು, ಮತ್ತೆ ಹೊರಟರು. ಮನೆಯಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರಿನಲ್ಲಿಟ್ಟಿದ್ದ ಬಾಂಬು ಸಿಡಿಯಿತು. ಸದ್ದು ಕೇಳಿ ಬರಿಗಾಲಿನಲ್ಲಿ ಓಡಿಬಂದವನು ಹಿರಿಯ ಮಗ ಮ್ಯಾಥ್ಯೂ. ಡ್ಯಾಫ್ನಿಗೆ ಆಗ 53 ವರ್ಷ, ಹೆಚ್ಚುಕಡಿಮೆ ನನ್ನದೇ ವಯಸ್ಸು.

ಅವರು ಸತ್ತರೂ ಮೊಕದ್ದಮೆಗಳು ಸಾಯಲಿಲ್ಲ. ಎಷ್ಟೋ ಗಂಡ-ಮಕ್ಕಳ ತಲೆಯ ಮೇಲೆ ಬಂದವು.

ಇಲ್ಲಿಂದ ಮುಂದೆ ನಡೆದದ್ದನ್ನು ಹೆಣ್ಣುಮಕ್ಕಳು ಗಮನವಿಟ್ಟು ಕೇಳಬೇಕು. ರಾಜಧಾನಿ ವಲೆಟ್ಟಾದಲ್ಲಿ ನ್ಯಾಯಾಲಯದ ಎದುರಿಗೆ ಹಳೆಯ ಸ್ಮಾರಕವೊಂದಿದೆ. ಅದರ ಬುಡದಲ್ಲಿ ಜನ ಡ್ಯಾಫ್ನಿಯ ಚಿತ್ರವಿಟ್ಟು ಹೂವು, ಮೋಂಬತ್ತಿ ಇಟ್ಟರು. ಸರ್ಕಾರದ ಕೆಲಸಗಾರರು ಬಂದು ಎತ್ತಿಹಾಕಿದರು. ಮರುದಿನ ಮತ್ತೆ ಹೂವು ಬಂತು, ಮತ್ತೆ ಎತ್ತಿದರು. ತಿಂಗಳುಗಟ್ಟಲೆ ಇದೇ ನಡೆಯಿತು. ಇಡುವವರಲ್ಲಿ ಬಹಳ ಮಂದಿ ಹೆಂಗಸರು. ದಿನಾ ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವವರಿಗೆ ಇಂಥ ಕೆಲಸದಲ್ಲಿ ಬೇಸರ ಬರುವುದಿಲ್ಲ. ಕೊನೆಗೆ 2020ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ, ಹೂವು ಎತ್ತಿಸಿದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಉಲ್ಲಂಘನೆ ಎಂದು ತೀರ್ಪು ಕೊಟ್ಟಿತು.

ಮನೆಯವರೂ ಸುಮ್ಮನೆ ಕೂರಲಿಲ್ಲ. ಊರೂರು ತಿರುಗಿ ಸಾರ್ವಜನಿಕ ವಿಚಾರಣೆ ಬೇಕೆಂದು ಕೇಳಿದರು. ಯೂರೋಪ್ ಪರಿಷತ್ತಿನ ಸಂಸದೀಯ ಸಭೆ 2019ರ ಜೂನಿನಲ್ಲಿ, ಮೂರು ತಿಂಗಳೊಳಗೆ ವಿಚಾರಣೆ ಆರಂಭಿಸಿ ಎಂದು ಮಾಲ್ಟಾಕ್ಕೆ ಗಡುವು ಕೊಟ್ಟಿತು. ಆ ವರ್ಷದ ಕೊನೆಗೆ ವಿಚಾರಣೆ ಶುರುವಾಯಿತು. ಒಬ್ಬ ದೊಡ್ಡ ಉದ್ಯಮಿಯ ಬಂಧನವಾಗಿ, ಜನ ಬೀದಿಗಿಳಿದು, ಪ್ರಧಾನಿಯೂ ಕುರ್ಚಿ ಬಿಡಬೇಕಾಯಿತು. ಆ ಉದ್ಯಮಿ ತನ್ನ ಮೇಲಿನ ಆರೋಪವನ್ನು ಅಲ್ಲಗಳೆದಿದ್ದಾನೆ. 2021ರ ಜುಲೈ ತಿಂಗಳ ವರದಿಯಲ್ಲಿ ವಿಚಾರಣಾ ನ್ಯಾಯಾಧೀಶರು, ಏನು ಮಾಡಿದರೂ ದಕ್ಕುತ್ತದೆ ಎಂಬ ವಾತಾವರಣ ಬೆಳೆಯಗೊಟ್ಟ ಸರ್ಕಾರವೇ ಈ ಸಾವಿಗೆ ಹೊಣೆ ಹೊರಬೇಕು ಎಂದರು. ಬಾಂಬಿಟ್ಟ ಸಹೋದರರಿಬ್ಬರಿಗೆ 2022ರಲ್ಲಿ ತಲಾ 40 ವರ್ಷ ಶಿಕ್ಷೆಯಾಯಿತು.

ಈ ನಡುವೆ 2018ರ ಫೆಬ್ರವರಿಯಲ್ಲಿ ಸ್ಲೊವಾಕಿಯಾದಲ್ಲಿ ಯಾನ್ ಕುತ್ಸಿಯಾಕ್ ಎಂಬ ತರುಣ ಪತ್ರಕರ್ತನನ್ನೂ ಅವನು ಮದುವೆಯಾಗಬೇಕಿದ್ದ ಮಾರ್ಟಿನಾಳನ್ನೂ ಮನೆಯೊಳಗೇ ಗುಂಡಿಕ್ಕಿ ಕೊಂದರು. ಇಬ್ಬರಿಗೂ 27 ವರ್ಷ. ಯೂರೋಪು ಇನ್ನು ಕಣ್ಣು ಮುಚ್ಚಿ ಕೂರುವಂತಿರಲಿಲ್ಲ. ಪತ್ರಕರ್ತರ ಸಂಘಟನೆಗಳು ಒಗ್ಗೂಡಿ ಒತ್ತಾಯಿಸಿದವು. 2024ರ ಏಪ್ರಿಲಿನಲ್ಲಿ ಒಕ್ಕೂಟ ನಿರ್ದೇಶನ ಹೊರಡಿಸಿತು. ಕಾಗದದಲ್ಲಿ ಅದಕ್ಕೊಂದು ಸಂಖ್ಯೆ, ಜನರ ಬಾಯಲ್ಲಿ 'ಡ್ಯಾಫ್ನಿ ಕಾನೂನು'. ಬರೆಯುವವರ ಬಾಯಿ ಮುಚ್ಚಿಸಲೆಂದೇ ಹೂಡಿದ ಹುರುಳಿಲ್ಲದ ಮೊಕದ್ದಮೆಯನ್ನು ನ್ಯಾಯಾಧೀಶರು ಆರಂಭದಲ್ಲೇ ವಜಾ ಮಾಡಬಹುದು. ಖರ್ಚನ್ನು ಹೂಡಿದವನಿಂದಲೇ ವಸೂಲು ಮಾಡಿ ದಂಡವನ್ನೂ ಹಾಕಬಹುದು. ಸದಸ್ಯ ದೇಶಗಳು ಇದನ್ನು ತಮ್ಮ ಕಾನೂನಿಗೆ ಸೇರಿಸಿಕೊಳ್ಳಲು ಇಟ್ಟ ಗಡುವು 2026ರ ಮೇ 7. ಅದೇ ಏಪ್ರಿಲಿನಲ್ಲಿ ಒಪ್ಪಿದ ಇನ್ನೊಂದು ಕಾನೂನು, ಸುದ್ದಿ ಕೊಟ್ಟವರ ಹೆಸರು ಹೇಳೆಂದು ಪತ್ರಕರ್ತರನ್ನು ಬಲವಂತಪಡಿಸದಂತೆ ರಕ್ಷಣೆ ಕೊಡುತ್ತದೆ.

ಕೊರತೆಯೂ ಇದೆ. ನಿರ್ದೇಶನ ಅನ್ವಯಿಸುವುದು ಒಂದಕ್ಕಿಂತ ಹೆಚ್ಚು ದೇಶಗಳಿಗೆ ಸಂಬಂಧಿಸಿದ ಸಿವಿಲ್ ಮೊಕದ್ದಮೆಗಳಿಗೆ ಮಾತ್ರ. ಮಾಲ್ಟಾದವರೇ ಮಾಲ್ಟಾದಲ್ಲೇ ಡ್ಯಾಫ್ನಿಯ ಮೇಲೆ ಹೂಡಿದ್ದ ಎಷ್ಟೋ ಮೊಕದ್ದಮೆಗಳನ್ನು ಅವರದೇ ಹೆಸರಿನ ಕಾನೂನು ಮುಟ್ಟುತ್ತಿರಲಿಲ್ಲ. ಉಳಿದದ್ದನ್ನು ಆಯಾ ದೇಶವೇ ತುಂಬಿಕೊಳ್ಳಬೇಕು.

ಇದನ್ನೆಲ್ಲ ಓದುವಾಗ ನಮಗೆ ನಮ್ಮವರೇ ಒಬ್ಬರು ನೆನಪಾಗುತ್ತಾರೆ. ಡ್ಯಾಫ್ನಿಯ ಸಾವಿಗೆ 41 ದಿನ ಮೊದಲು, 2017ರ ಶಿಕ್ಷಕರ ದಿನಾಚರಣೆಯಂದು, ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಅವರ ಮೇಲೂ ಮಾನನಷ್ಟದ ಪ್ರಕರಣವಿತ್ತು; 2016ರಲ್ಲಿ ಹುಬ್ಬಳ್ಳಿಯ ನ್ಯಾಯಾಲಯ ಆರು ತಿಂಗಳ ಶಿಕ್ಷೆ ವಿಧಿಸಿ, ಅವರು ಜಾಮೀನಿನ ಮೇಲಿದ್ದರು. ರಷ್ಯಾದಲ್ಲಿ 2006ರಲ್ಲಿ ಕೊಲೆಯಾದ ಪತ್ರಕರ್ತೆ ಆನಾ ಪೊಲಿಟ್‌ಕೊವ್‌ಸ್ಕಯಾ ಹೆಸರಿನ ಪ್ರಶಸ್ತಿ 2017ರ ಅಕ್ಟೋಬರಿನಲ್ಲಿ ಗೌರಿಯವರಿಗೆ ಮರಣೋತ್ತರವಾಗಿ ಸಂದಿತು.

ಇವರು ಬರೆದದ್ದನ್ನೆಲ್ಲ ಎಲ್ಲರೂ ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಮಾಲ್ಟಾದಲ್ಲೂ ಡ್ಯಾಫ್ನಿಯ ಚುಚ್ಚುಮಾತು ಬಹಳ ಜನಕ್ಕೆ ಸೇರುತ್ತಿರಲಿಲ್ಲ. ಸುಳ್ಳು ಬರೆದವರನ್ನು ಪ್ರಶ್ನಿಸಲು ನ್ಯಾಯಾಲಯವೂ ಇರಲೇಬೇಕು. ಆದರೆ ಪ್ರಶ್ನಿಸುವುದು ಬೇರೆ, ಬರೆಯುವವರನ್ನು ಒಂಟಿಯಾಗಿಸಿ ದಣಿಸುವುದು ಬೇರೆ. ಮೊದಲು ಅಡ್ಡಹೆಸರು, ಆಮೇಲೆ ನೋಟೀಸು, ಆಮೇಲೆ ಬ್ಯಾಂಕಿನ ತಡೆ, ಕೊನೆಗೆ ಬಾಂಬು. ಬಾಂಬು ಇಡುವ ಕೈಗಳು ಎರಡೋ ಮೂರೋ ಇರಬಹುದು. ಅಡ್ಡಹೆಸರು ಹಿಡಿದು ನಗುವ ಬಾಯಿಗಳು ಮಾತ್ರ ಊರಿನ ತುಂಬ ಇರುತ್ತವೆ. ಕಾನೂನು ತಿದ್ದುವುದು ಸಂಸತ್ತಿನ ಕೆಲಸ. ಆ ನಗೆಗೆ ನಮ್ಮ ದನಿ ಕೂಡಿಸದಿರುವುದು ಮಾತ್ರ ನಮ್ಮದೇ ಕೆಲಸ, ಅದಕ್ಕೆ ಯಾವ ಗಡುವೂ ಬೇಕಾಗಿಲ್ಲ.