ಸಿಂಧನೂರು ಸೀಮೆಯ ಕಿರಾಣಿ ಅಂಗಡಿ

1948ರ ಸೆಪ್ಟೆಂಬರಿನವರೆಗೆ ಸಿಂಧನೂರು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಒಳಪಟ್ಟಿದ್ದುದರಿಂದ ಇಲ್ಲಿಯ ಕಿರಾಣಿ ವರ್ತಕನ ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದುದು ಹಾಲಿ ಸಿಕ್ಕ. ತುಂಗಭದ್ರೆಯ ಆಚೆ, ಸಿರುಗುಪ್ಪದ ಕಡೆ, ನಡೆಯುತ್ತಿದ್ದುದು ಬ್ರಿಟಿಷ್ ರೂಪಾಯಿ. ಹೊಳೆ ದಾಟಿದೊಡನೆ ಹಣದ ಬೆಲೆಯೇ ಬೇರಾಗುತ್ತಿದ್ದ ಆ ಕಾಲದಲ್ಲಿ, ಏಳು ಹಾಲಿಗೆ ಆರು ಬ್ರಿಟಿಷ್ ರೂಪಾಯಿಯೆಂಬ ಲೆಕ್ಕವನ್ನು ಬಾಯಲ್ಲೇ ಹಾಕಬಲ್ಲವನಾಗದೆ ವ್ಯಾಪಾರಿಗೆ ಗತ್ಯಂತರವಿರಲಿಲ್ಲ.

ಮಳೆಯನ್ನೇ ನಂಬಿದ ಈ ಎರೆಭೂಮಿಯಲ್ಲಿ ಬಿಳಿಜೋಳವು ಮನೆಯ ಹಗೇವಿನಲ್ಲಿಯೇ ಇರುತ್ತಿದ್ದ ಕಾರಣ, ಒಕ್ಕಲಿಗನು ಅಂಗಡಿಗೆ ಬರುತ್ತಿದ್ದುದು ಉಪ್ಪು, ಬೆಲ್ಲ, ಚಹಾಪುಡಿ, ಚಿಮಣಿ ಎಣ್ಣೆಗಳಿಗಾಗಿ. ಅದೂ ಬಹುಮಟ್ಟಿಗೆ ಉದ್ರಿಯಾಗಿ. ಖಾತೆಯ ಬಾಕಿ ತೀರುತ್ತಿದ್ದುದು ರಾಶಿಯಾದ ಮೇಲೆ. ಮಳೆ ಕೈಕೊಟ್ಟ ವರ್ಷ ಅದು ಮರುವರ್ಷಕ್ಕೆ ಸಾಗುತ್ತಿತ್ತು, ಬಡ್ಡಿಯ ಮಾತು ಅವರವರ ದಾಕ್ಷಿಣ್ಯಕ್ಕೆ ಬಿಟ್ಟದ್ದು.

1957ರಲ್ಲಿ ನಯಾಪೈಸೆಯೂ, ಮರುವರ್ಷದಿಂದ ಹಂತಹಂತವಾಗಿ ಮೆಟ್ರಿಕ್ ತೂಕವೂ ಬಂದವು. ಎಂಬತ್ತು ತೊಲದ ಸೇರು ಕಿಲೋಗ್ರಾಮಿಗಿಂತ ಸುಮಾರು 67 ಗ್ರಾಂ ಕಡಿಮೆ. ಈ ಬದಲಾವಣೆಯಿಂದ ಲಾಭವಾದದ್ದು ಯಾರಿಗೆಂಬುದನ್ನು ಗಿರಾಕಿಯೂ ಅಂಗಡಿಕಾರನೂ ಬಹುಶಃ ಬೇರೆ ಬೇರೆಯಾಗಿಯೇ ಹೇಳಿಯಾರು.

ಇವೆಲ್ಲಕ್ಕಿಂತ ಮಿಗಿಲಾದ ಪರಿವರ್ತನೆಯನ್ನು ತಂದುದು ತುಂಗಭದ್ರಾ ಎಡದಂಡೆ ಕಾಲುವೆ. ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಆಂಧ್ರದ ಕರಾವಳಿಯಿಂದ ಬಂದ ರೈತರೂ, ತರುವಾಯ ಬಂಗಾಳಿ ನಿರಾಶ್ರಿತರೂ ಕ್ಯಾಂಪುಗಳಲ್ಲಿ ನೆಲೆಸಿ, ಜೋಳದ ರೊಟ್ಟಿಯ ನಾಡಿನ ಅಂಗಡಿಯಲ್ಲಿ ಸಾಸಿವೆ ಎಣ್ಣೆಯನ್ನೂ ಕೇಳತೊಡಗಿದರು.