ಏಳಿಮಲೆಯ ಏರುದಾರಿ

ಕಾಸರಗೋಡಿನಿಂದ ಕಣ್ಣೂರಿಗೆ ರೈಲಿನಲ್ಲಿ ಹೋದವರೆಲ್ಲ ಏಳಿಮಲೆಯನ್ನು ಕಂಡೇ ಇರುತ್ತಾರೆ. ಪಯ್ಯನ್ನೂರು ದಾಟಿದೊಡನೆ ಬಲಗಡೆಯ ಕಿಟಕಿಯಲ್ಲಿ, ಗದ್ದೆ ತೋಟಗಳ ಆಚೆ, ಸಮುದ್ರಕ್ಕೆ ಮೈಯೊಡ್ಡಿ ಮಲಗಿದ ಒಂದು ಬೆಟ್ಟಸಾಲು ಕಾಣುತ್ತದೆ. ಎತ್ತರ ಸುಮಾರು 286 ಮೀಟರ್, ಅಷ್ಟೆ. ಆದರೆ ಸುತ್ತಲ ನೆಲವೆಲ್ಲ ತಗ್ಗಾಗಿರುವುದರಿಂದ ಅದು ಇದ್ದುದಕ್ಕಿಂತ ದೊಡ್ಡದಾಗಿ ತೋರುತ್ತದೆ. ನಾನು ವರ್ಷಗಟ್ಟಲೆ ಹಾಗೆ ಕಿಟಕಿಯಿಂದಲೇ ನೋಡಿದವನು. ಒಂದು ರಜಾದಿನ ಪಯ್ಯನ್ನೂರಿನ ನಿವೃತ್ತ ಅಧ್ಯಾಪಕ ಮಿತ್ರರೊಬ್ಬರು ಕರೆದಾಗ ಹತ್ತಲೆಂದೇ ಹೊರಟೆ.

ದಾರಿ ಕಡಿದು. ಮಳೆನೀರು ಕೊರೆದ ಕಾಲುದಾರಿಯಲ್ಲಿ ಬೇರು ಹಿಡಿದು, ಕಲ್ಲಿಗೆ ಕಾಲು ಕೊಟ್ಟು ಏರಬೇಕು. ಎರಡೂ ಕಡೆ ಪೊದೆ, ಬಳ್ಳಿ, ಮೇಲೆ ಮರಗಳ ನೆರಳು. ಹನುಮಂತ ಸಂಜೀವಿನಿ ಬೆಟ್ಟವನ್ನು ಹೊತ್ತು ಸಾಗುವಾಗ ಅದರ ಒಂದು ತುಂಡು ಇಲ್ಲಿ ಬಿತ್ತೆಂದು ಜನ ಹೇಳುತ್ತಾರೆ. ಇಲ್ಲಿನ ಮದ್ದಿನ ಗಿಡಗಳಿಗೆ ಆ ಕತೆಯೇ ಆಧಾರ. “ನನ್ನ ಅಮ್ಮ ಬೇರು ತರಲು ಈ ದಾರಿಯಲ್ಲೇ ಹೋಗುತ್ತಿದ್ದರು” ಎಂದರು ಮಾಷ್. ಒಂದು ತಿರುವಿನಲ್ಲಿ ಮರಗಳು ಸರಿದು ಕಡಲು ಕಂಡಿತು. ಬಡಗಣಕ್ಕೆ ಕವ್ವಾಯಿ ಹಿನ್ನೀರು, ಅದಕ್ಕೂ ಕಡಲಿಗೂ ನಡುವೆ ಹಗ್ಗ ಎಳೆದಂತೆ ವಲಿಯಪರಂಬದ ಮರಳುಪಟ್ಟಿ. ತೆಂಕಣಕ್ಕೆ ಪಾಲಕ್ಕೋಡಿನ ಅಳಿವೆ, ಮಾಡಾಯಿಯ ಮುರಕಲ್ಲಿನ ಬಯಲು. ಅಲ್ಲಿಂದ ಸ್ವಲ್ಪ ಮೇಲೆ ಬೇಲಿ. ದಾರಿ ಅಲ್ಲಿಗೆ ಮುಗಿಯಿತು.

ಬೇಲಿ ನೌಕಾ ಅಕಾಡೆಮಿಯದು. 1980ರ ದಶಕದಲ್ಲಿ ನೆಲವನ್ನು ವಶಪಡಿಸಿಕೊಂಡು, 1987ರ ಜನವರಿಯಲ್ಲಿ ಪ್ರಧಾನಿ ರಾಜೀವ ಗಾಂಧಿ ಅಡಿಗಲ್ಲಿಟ್ಟರು. 2009ರ ಜನವರಿ 8ರಂದು ಪ್ರಧಾನಿ ಮನಮೋಹನ ಸಿಂಗ್ ಅದನ್ನು ಉದ್ಘಾಟಿಸಿದರು. ವಿಸ್ತಾರ 2452 ಎಕರೆ. ಕಡಲನ್ನು ಕಾಯುವವರಿಗೆ ಇದಕ್ಕಿಂತ ತಕ್ಕ ಸ್ಥಳ ಸಿಗಲಾರದು. ಏಕೆಂದರೆ ಈ ಬೆಟ್ಟದ ಚರಿತ್ರೆಯೆಲ್ಲ ಕಡಲಿನ ಕಡೆಯಿಂದಲೇ ಬರೆಯಲ್ಪಟ್ಟಿದೆ.

ದಿಕ್ಕು ತಪ್ಪಿದ ನಾವಿಕನಿಗೆ ದೂರದಿಂದ ಕಾಣುವ ಬೆಟ್ಟವೇ ದಾರಿದೀಪ. 13ನೆಯ ಶತಮಾನದ ಕೊನೆಗೆ ಈ ಕರಾವಳಿಯನ್ನು ಬಣ್ಣಿಸಿದ ಮಾರ್ಕೊ ಪೋಲೊ ಇದನ್ನು ‘ಏಲಿ’ ರಾಜ್ಯವೆಂದ. ಇಲ್ಲಿ ಸರಿಯಾದ ಬಂದರಿಲ್ಲ, ಆದರೆ ಅಗಲವೂ ಆಳವೂ ಆದ ಅಳಿವೆಗಳಿವೆ, ಮೆಣಸು ಶುಂಠಿ ಬೆಳೆಯುತ್ತವೆ ಎಂದು ಬರೆದ. ಬೇರೆಲ್ಲಿಗೋ ಹೊರಟ ಹಡಗು ಅಕಸ್ಮಾತ್ತಾಗಿ ಈ ಅಳಿವೆಗೆ ಬಂದರೆ, ದೇವರೇ ಕಳಿಸಿದನೆಂದು ಸರಕನ್ನೆಲ್ಲ ದೋಚುತ್ತಾರೆಂದೂ ಹೇಳಿದ. 14ನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ‘ಹೀಲಿ’ ಎಂದ. ಚೀನಾದ ಹಡಗುಗಳು ಬರುತ್ತಿದ್ದ ಕೆಲವೇ ರೇವುಗಳಲ್ಲಿ ಕೊಲ್ಲಂ, ಕಲ್ಲಿಕೋಟೆಗಳ ಜೊತೆ ಇದನ್ನೂ ಎಣಿಸಿದ. ಇಲ್ಲಿನ ಮಸೀದಿಯನ್ನು ಮುಸಲ್ಮಾನರೂ ಇತರರೂ ಸಮಾನವಾಗಿ ಗೌರವಿಸುತ್ತಾರೆ, ಕಡಲಿಗಿಳಿದವರು ಅದಕ್ಕೆ ಹರಕೆ ಹೊರುತ್ತಾರೆ ಎಂಬುದು ಅವನ ಮಾತು. 1498ರ ಮೇ ತಿಂಗಳಲ್ಲಿ ವಾಸ್ಕೊ ಡ ಗಾಮನ ಜನರು ಮೊದಲು ಕಂಡ ಭಾರತದ ನೆಲವೂ ಇದೇ ಬೆಟ್ಟವೆಂದು ಬಹಳ ಇತಿಹಾಸಕಾರರ ಅಭಿಪ್ರಾಯ. ಪೋರ್ಚುಗೀಸರು ‘ಏಲಿಯ ಬೆಟ್ಟ’ ಎಂಬರ್ಥದಲ್ಲಿ ‘ಮೊಂತೆ ದೆಲಿ’ ಎಂದರು. ಇಂಗ್ಲಿಷರು ಆ ವಿಭಕ್ತಿಯನ್ನೂ ಹೆಸರಿಗೇ ಅಂಟಿಸಿ ‘ಮೌಂಟ್ ಡೆಲ್ಲಿ’ ಮಾಡಿದರು. ಇಲ್ಲಿನ ದೀಪಸ್ತಂಭಕ್ಕೆ ‘ಮೌಂಟ್ ದಿಲ್ಲಿ’ ಎಂಬ ಹೆಸರು. ದಿಲ್ಲಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ!

ನೆಲದ ಕಡೆಯ ಕತೆ ಇನ್ನೂ ಹಳೆಯದು. ಸಂಘಕಾಲದ ತಮಿಳು ಕವಿಗಳು ಏಳಿಮಲೆಯ ಅರಸ ನನ್ನನನ್ನೂ ಅವನ ಪಾೞಿಯನ್ನೂ ಹಾಡಿದ್ದಾರೆ. 11ನೆಯ ಶತಮಾನದಲ್ಲಿ ಅತುಲನೆಂಬ ಕವಿ ಇಲ್ಲಿನ ಅರಸುಮನೆತನದ ಮೇಲೆ ಸಂಸ್ಕೃತದಲ್ಲಿ ‘ಮೂಷಿಕವಂಶ’ ಕಾವ್ಯ ರಚಿಸಿದ. ಪರಶುರಾಮನ ಕೊಡಲಿಗೆ ಹೆದರಿ ಓಡಿಬಂದ ರಾಣಿಗೆ ಈ ಬೆಟ್ಟ ಆಶ್ರಯ ಕೊಟ್ಟಿತು, ಅವಳ ಮಗನೇ ಮೊದಲ ಅರಸ ರಾಮಘಟನಾದ ಎಂಬುದು ಅದರ ಆರಂಭ. ವಂಶಕ್ಕೆ ಮೂಷಿಕ, ಅಂದರೆ ಇಲಿ, ಎಂಬ ಹೆಸರು ಹೇಗೆ ಬಂತು? ‘ಎಲಿ’ ಎಂದರೆ ಮಲಯಾಳದಲ್ಲಿ ಇಲಿ. ಯಾರೋ ಏಳಿಯನ್ನು ಎಲಿಯೆಂದು ಕೇಳಿ ಸಂಸ್ಕೃತಕ್ಕೆ ತಂದಿರಬೇಕೆಂದು ಕೆಲವು ಪಂಡಿತರು ಹೇಳುತ್ತಾರೆ. ಏಳು ಬೆಟ್ಟಗಳದ್ದರಿಂದ ಏೞಿಮಲ, ಚೆಲುವಾದುದರಿಂದ ಎೞಿಲ್‌ಮಲ ಎಂಬ ಬೇರೆ ವಾದಗಳೂ ಇವೆ. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದು ತುಳು ಪಾಡ್ದನಗಳನ್ನು ಸಂಗ್ರಹಿಸಿದ ಬರ್ನೆಲ್, ಯೂಲ್ ಅವರೊಡನೆ ಸಿದ್ಧಪಡಿಸಿದ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿ (1886) ಈ ಬೆಟ್ಟಕ್ಕೆಂದೇ ಒಂದು ನಮೂದಿದೆ.

ಇಲ್ಲಿ ಕನ್ನಡಿಗರಾದ ನಮ್ಮ ಪಾಲೂ ಇದೆ. ಮಲಯಾಳದ ಏೞ್ ನಮ್ಮ ಹಳಗನ್ನಡದಲ್ಲೂ ಏೞ್. ಅವರ ಮೞ ನಮ್ಮ ಮೞೆ, ಅವರ ವಾೞ ನಮ್ಮ ಬಾೞೆ, ಅವರ ಕೋೞಿ ನಮ್ಮ ಕೋೞಿಯೇ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಲ್ಲಿ ಈ ೞಕಾರಕ್ಕೆ ರಳವೆಂದು ಹೆಸರು. ಕಾಲಕ್ರಮದಲ್ಲಿ ನಾವು ಅದನ್ನು ಳಕಾರದಲ್ಲಿ ಕಳೆದುಕೊಂಡೆವು, ಮಲಯಾಳಿಗಳು ಉಳಿಸಿಕೊಂಡರು. ಆದ್ದರಿಂದ ಏಳಿಮಲೆ ಎಂದು ಬರೆದಾಗ ನಾವು ಪರಭಾಷೆಯ ಹೆಸರನ್ನು ಅನುವಾದಿಸುತ್ತಿಲ್ಲ. ಒಂದೇ ಹೆಸರಿನ ಎರಡು ಉಚ್ಚಾರ ಅವು.

ಮನುಷ್ಯರ ಗಡಿಗಳು ಮಾತ್ರ ಈ ಬೆಟ್ಟದ ಬುಡದಲ್ಲಿ ಹಿಂದೆಮುಂದೆ ಸರಿಯುತ್ತಲೇ ಬಂದವು. 17ನೆಯ ಶತಮಾನದಲ್ಲಿ ಇಕ್ಕೇರಿಯ ನಾಯಕರು ಬೇಕಲ, ಹೊಸದುರ್ಗಗಳಲ್ಲಿ ಕೋಟೆ ಕಟ್ಟಿದರು. 1730ರ ದಶಕದಲ್ಲಿ ಅವರ ದಂಡು ನೀಲೇಶ್ವರ ದಾಟಿ ಕೋಲತ್ತಿರಿಯ ನಾಡಿಗೆ ನುಗ್ಗಿತು. ತಲಶ್ಶೇರಿಯ ಇಂಗ್ಲಿಷರು ಕೋಲತ್ತಿರಿಯ ಪಕ್ಷ ವಹಿಸಿದರು. ಮುಂದೆ ಮದರಾಸು ಪ್ರಾಂತದಲ್ಲಿ ತ್ರಿಕ್ಕರಿಪುರದವರೆಗೆ ದಕ್ಷಿಣ ಕನ್ನಡ ಜಿಲ್ಲೆ, ಅದರಾಚೆ ಮಲಬಾರು. 1956ರ ನವಂಬರ 1ರಂದು ಆ ಗೆರೆಯೂ ಅಳಿಸಿ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಬಡಗಣ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದ 1967ರ ಮಹಾಜನ ವರದಿಯ ಕತೆ ನಮ್ಮ ಮನೆಮನೆಗೂ ಗೊತ್ತು. ಮಾಷ್ ಜೊತೆ ನಿಂತು ನೋಡಿದಾಗ ಕಂಡ ವಲಿಯಪರಂಬ ಒಂದು ಕಾಲದಲ್ಲಿ ದಕ್ಷಿಣ ಕನ್ನಡದ ತೆಂಕಣ ತುದಿ.

2021ರಲ್ಲಿ ನಮ್ಮ ಊರುಗಳ ಹೆಸರನ್ನು ಮಲಯಾಳಕ್ಕೆ ಬದಲಿಸುತ್ತಾರೆಂಬ ಸುದ್ದಿ ಹಬ್ಬಿತು. ಕೇರಳ ಸರಕಾರ ಅದನ್ನು ಅಲ್ಲಗಳೆಯಿತು. ಆದರೂ ನಮ್ಮ ಆತಂಕ ಸುಳ್ಳಲ್ಲ. ಫಲಕದಲ್ಲಿ ಹೆಸರು ಸರಿಯಾಗಿರಬೇಕೆಂದು ನಾವು ಕೇಳುತ್ತಲೇ ಇರಬೇಕು. ಆದರೆ ಹೆಸರು ಸಾಯುವುದು ಫಲಕದಲ್ಲಿ ಮಾತ್ರವಲ್ಲ ಎಂಬುದು ಬೇಲಿಯ ಬಳಿ ನನಗೆ ಹೊಳೆಯಿತು. ಅಲ್ಲಿಂದ ತುದಿಯವರೆಗೆ ದಾರಿಯ ಪ್ರತಿ ತಿರುವಿಗೆ, ಪ್ರತಿ ಒರತೆಗೆ, ದಣಿದವರು ಹೊರೆ ಇಳಿಸುತ್ತಿದ್ದ ಬಂಡೆಗೆ ಕೂಡ ಹೆಸರಿತ್ತೆಂದು ಮಾಷ್ ಹೇಳಿದರು. ಎಣಿಸಲು ಹೋಗಿ ಮೂರರಲ್ಲೇ ನಿಂತರು. ಉಳಿದವು ಅಮ್ಮನಿಗೆ ಗೊತ್ತಿದ್ದವು, ಅಮ್ಮ ಈಗಿಲ್ಲ. ಬೆಟ್ಟ ಬಿಟ್ಟು ಹೋದ ನೂರಾರು ಕುಟುಂಬಗಳು ಬೇರೆಬೇರೆ ಊರು ಸೇರಿವೆ. ಏಲಿ, ಹೀಲಿ, ದೆಲಿ ಎಂದು ಪರದೇಶದವರು ಕೊಟ್ಟ ಹೆಸರುಗಳೆಲ್ಲ ಪುಸ್ತಕದಲ್ಲಿ ಭದ್ರವಾಗಿವೆ. ಬೇರು ತರಲು ಹತ್ತಿದವರು ಇಟ್ಟ ಹೆಸರುಗಳು ಹೋದವು. ಅವನ್ನು ಅಳಿಸಿದ್ದು ಮಲಯಾಳವೂ ಅಲ್ಲ, ಕನ್ನಡವೂ ಅಲ್ಲ. ನಡೆಯುವ ಕಾಲು, ಕರೆಯುವ ಬಾಯಿ ಇಲ್ಲವಾದವು, ಅಷ್ಟೆ.

ನಮ್ಮ ಗುಡ್ಡೆ, ಬಯಲು, ತೋಡು, ಮನೆಹಿತ್ತಿಲುಗಳ ಹೆಸರುಗಳೂ ಹೀಗೆಯೇ ಹಿರಿಯರ ಬಾಯಲ್ಲಿ ಮಾತ್ರ ಇವೆ. ಈ ಸಂಚಿಕೆ ಓದುವ ಮನೆಗಳಲ್ಲಿ ಮಕ್ಕಳು ಒಂದು ಭಾನುವಾರ ಅಜ್ಜಅಜ್ಜಿಯರೊಡನೆ ಗುಡ್ಡೆ ಹತ್ತಿ ಅವನ್ನು ಬರೆದಿಟ್ಟುಕೊಳ್ಳಲಿ. ಸಾಧ್ಯವಾದರೆ ಎರಡೂ ಲಿಪಿಯಲ್ಲಿ. ಮಾಷ್ ನೆನಪಿಸಿಕೊಂಡ ಆ ಮೂರು ಹೆಸರುಗಳನ್ನು ನಾನು ಇಳಿಯುವ ಮೊದಲೇ ಕನ್ನಡದಲ್ಲಿ ಬರೆದುಕೊಂಡೆ. ಅದರ ಕೆಳಗೆ ಅವರು ಮಲಯಾಳದಲ್ಲಿ ಬರೆದುಕೊಟ್ಟರು.